ಹೊಳೆಯಂಚಿನ ಗೂಟ

ಶಿವನ ದಯೆಯಿಂದ ಎತ್ತರದ ಕಲ್ಲುಕಟ್ಟೆಯ ಮೇಲೆ ಜಾಗ ಪಡೆದಿದ್ದ ಬಿಳಿ ಎತ್ತೊಂದಿತ್ತು. ಅದರ ಹಣೆಗೆ ದಿನವೂ ವಿಭೂತಿ. ಕರಿ ಎಮ್ಮೆಯನ್ನೂ ಅದರ ಕರುವನ್ನೂ ಎಲ್ಲಿ ಕಟ್ಟುವುದೆಂಬ ಮಾತು ಬಂದಾಗ, "ಅವಕ್ಕೆ ನೀರೆಂದರೆ ಪ್ರಾಣ, ಹೊಳೆಯಂಚಿನಲ್ಲೇ ಇರಲಿ" ಎಂದು ತೀರ್ಪು ಕೊಟ್ಟದ್ದು ಈ ಎತ್ತೇ.

ಆಷಾಢದಲ್ಲಿ ಹೊಳೆ ಉಕ್ಕಿತು. ಎಮ್ಮೆ ಹೇಗೋ ಹಗ್ಗ ಹರಿದುಕೊಂಡು ಕಟ್ಟೆಯ ಬಳಿಗೆ ಓಡಿಬಂತು. ಕರು ಗೂಟದಲ್ಲೇ ಸಿಕ್ಕಿಕೊಂಡಿತ್ತು.

"ಬಸವಯ್ಯ, ನಿಮ್ಮ ಕೊಂಬು ಗಟ್ಟಿ. ಇಳಿದು ಬಂದು ಆ ಗೂಟ ಕಿತ್ತುಬಿಡಿ, ನನ್ನ ಕೂಸು ಮುಳುಗುತ್ತಿದೆ!"

"ಇಳಿದರೆ ವಿಭೂತಿ ತೊಳೆದುಹೋಗುತ್ತದಲ್ಲೇ! ಗಾಬರಿಯಾಗಬೇಡ, ನಿಮ್ಮವರಿಗೆ ನೀರು ತವರುಮನೆ ಇದ್ದ ಹಾಗೆ."

ಎಮ್ಮೆ ಮತ್ತೆ ಹೊಳೆಯತ್ತ ಓಡಿತು. ತಲುಪುವಷ್ಟರಲ್ಲಿ ಕರುವಿನ ಉಸಿರು ನಿಂತಿತ್ತು. ಹಗ್ಗ ಮಾತ್ರ ಬಿಗಿಯಾಗಿಯೇ ಇತ್ತು.

ಎಮ್ಮೆ ಕಟ್ಟೆಯ ಬಳಿಗೆ ಮರಳಿದಾಗ ಎತ್ತು ಕಣ್ಣು ಮುಚ್ಚಿ ನಿಟ್ಟುಸಿರಿಟ್ಟಿತು. "ಛೆ, ಎಮ್ಮೆಯ ಹೊಟ್ಟೆಯಲ್ಲಿ ಹುಟ್ಟಿಯೂ ಈಜು ಕಲಿಯಲಿಲ್ಲವಲ್ಲ! ಎಲ್ಲಾ ಶಿವನಿಚ್ಛೆ."

"ಮಳೆ ಸುರಿಸಿದ್ದು ಶಿವ, ಬಸವಯ್ಯ," ಎಂದಿತು ಎಮ್ಮೆ. "ಗೂಟಕ್ಕೆ ಜಾಗ ತೋರಿಸಿದ್ದು ನೀವು."

ಎತ್ತು ಕೇಳಿಸಲೇ ಇಲ್ಲವೆಂಬಂತೆ ಮೆಲುಕು ಹಾಕತೊಡಗಿತು. ಶಿವನ ತಾಳ್ಮೆ ಬಹಳ ದೊಡ್ಡದು.