ಖಾರ ಹೆಚ್ಚಿಸಿದ ಅಡಿಗೆಯವನು

“ಗುರುಗಳೇ, ಚುಚ್ಚುತ್ತಿದ್ದ ಮನಸ್ಸು ಚುಚ್ಚುವುದನ್ನು ನಿಲ್ಲಿಸಿದರೆ ಅದು ಶುದ್ಧವಾಯಿತೆಂದು ತಿಳಿಯಬಹುದೇ?”

ಕೇಳಿದವನು ಸಿದ್ಧಮಲ್ಲಯ್ಯ. ಮಠದ ಬಾಗಿಲಿಗೆ ಬಂದವರಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹಿಂದಕ್ಕೆ ಕಳಿಸಬೇಕು ಎಂಬುದನ್ನು ಆರು ವರ್ಷಗಳಿಂದ ಅವನೇ ತೀರ್ಮಾನಿಸುತ್ತಿದ್ದ.

“ಮೊದಲು ಹಸಿದವನೊಬ್ಬನನ್ನು ಹಿಂದಕ್ಕೆ ಕಳಿಸಿದರೂ ದಿನವೆಲ್ಲ ಸಂಕಟಪಡುತ್ತಿದ್ದೆ. ಈಗ ಏನೂ ಅನಿಸುವುದಿಲ್ಲ” ಎಂದ.

ಗುರುಗಳು ಹೇಳಿದರು:

ಹೊಳೆಯ ದಂಡೆಯಲ್ಲಿ ಒಂದು ಛತ್ರವಿತ್ತು. ದೋಣಿಗೆ ಕಾಯುವವರು ಅಲ್ಲಿ ಉಣ್ಣುತ್ತಿದ್ದರು. ಅಡಿಗೆ ಮಾಡುವವನು ಒಬ್ಬನೇ. ಅವನ ಹೆಂಡತಿ ಒಣಮೆಣಸಿನಕಾಯಿ ಹುರಿದು, ತರಿತರಿಯಾಗಿ ಕುಟ್ಟಿ ಕೊಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಸಾರು ಹಳಸಿತು. ಜನ ಆಗಲೇ ಎಲೆಯ ಮುಂದೆ ಕೂತಿದ್ದರು. ಅಡಿಗೆಯವನು ಒಂದು ಹಿಡಿ ಮೆಣಸಿನ ತರಿಯನ್ನು ಎಣ್ಣೆಯಲ್ಲಿ ಬಾಡಿಸಿ ಸಾರಿಗೆ ಸುರಿದ. ಉಂಡವರು ಮೂಗು ಒರೆಸಿಕೊಳ್ಳುತ್ತಾ ಇನ್ನಷ್ಟು ಹಾಕಿಸಿಕೊಂಡರು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ದಿನ ಅವನಿಗೆ ಅವರ ಮುಖ ನೋಡಲಾಗಲಿಲ್ಲ. ತಾನೂ ಉಣ್ಣಲಿಲ್ಲ.

ಮತ್ತೊಮ್ಮೆ ಹಾಗೆಯೇ ಆಯಿತು. ಆಮೇಲೆ ಮಿಕ್ಕಿದ್ದನ್ನು ಚೆಲ್ಲುವುದನ್ನೇ ಬಿಟ್ಟ. ಉಂಡವರು ಹೊಗಳುತ್ತಿದ್ದರು. ಅವನೂ ಅದನ್ನೇ ಉಣ್ಣತೊಡಗಿದ. ಖಾರ ಕಡಿಮೆಯಿದ್ದರೆ ಅವನಿಗೆ ಸಪ್ಪೆ ಎನಿಸುತ್ತಿತ್ತು. ಹೆಂಡತಿ ದಿನಕ್ಕೆ ಒಂದು ಸೇರು ಕುಟ್ಟುತ್ತಿದ್ದವಳು ಮೂರು ಸೇರು ಕುಟ್ಟಬೇಕಾಯಿತು. ಕೈ ಉರಿಯುತ್ತಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ.

“ಇಷ್ಟು ಖಾರ ಯಾಕೆ?” ಎಂದು ಅವಳು ಕೇಳಿದಳು.

“ಜನ ಕೇಳುತ್ತಾರೆ.”

“ಜನ ಕೇಳುತ್ತಾರೋ, ನಿನ್ನೆಯ ಸಾರು ಕೇಳುತ್ತದೋ?”

ಅವನು ಸೌಟು ಎತ್ತಿಕೊಂಡು ಬಡಿಸಲು ಹೋದ. ಅವಳೂ ಮತ್ತೆ ಕೇಳಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಒಂದು ದಿನ ಮದುವೆಯ ದಿಬ್ಬಣವೊಂದು ಛತ್ರಕ್ಕೆ ಬಂತು. ಹಿತ್ತಾಳೆಯ ಕೊಪ್ಪರಿಗೆಯಲ್ಲಿ ಹಿಂದಿನ ದಿನದ ಮಜ್ಜಿಗೆಹುಳಿ ಇತ್ತು. ಕೊಪ್ಪರಿಗೆಯ ಕಲಾಯಿ ಸವೆದುಹೋಗಿ ಹುಳಿಗೆ ಕಿಲುಬು ಇಳಿದಿತ್ತು. ಬೇರೆ ಯಾರೇ ಆಗಿದ್ದರೂ ಬಾಯಿಗಿಟ್ಟ ಕೂಡಲೇ ಉಗುಳುತ್ತಿದ್ದರು. ಅವನು ಹುಳಿಯನ್ನು ಕುದಿಸಿ, ಮೇಲೆ ಮೆಣಸಿನ ತರಿ ಸುರಿದು ಬಡಿಸಿದ. ಆ ಖಾರದಲ್ಲಿ ಉಂಡವರಿಗೂ ಕಿಲುಬಿನ ರುಚಿ ತಿಳಿಯಲಿಲ್ಲ.

ದೋಣಿ ಹತ್ತುವ ಮೊದಲೇ ವಾಂತಿ ಶುರುವಾಯಿತು. ಸಂಜೆಯೊಳಗೆ ಐವರು ಸತ್ತರು. ಮದುಮಗಳ ತಾಯಿ ಅವರಲ್ಲಿ ಒಬ್ಬಳು. ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಎಲ್ಲರ ಕೊನೆಗೆ ಉಂಡವಳು ಅಡಿಗೆಯವನ ಹೆಂಡತಿ. ಅವಳು ಮರುದಿನ ಸತ್ತಳು.

ಊರ ಹಿರಿಯರು ಅವನನ್ನು ಕೂರಿಸಿ ಕೇಳಿದರು: “ಹುಳಿ ವಿಷವಾಗಿದೆಯೆಂದು ನಿನಗೆ ತಿಳಿಯಲಿಲ್ಲವೇ?”

“ತಿಳಿಯಲಿಲ್ಲ. ಖಾರ ಸುರಿಯುವ ಮೊದಲು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ನನಗೆ ಏನೂ ಅನಿಸಲಿಲ್ಲ.”

ಯಾರೂ ನಂಬಲಿಲ್ಲ. ಒಬ್ಬ ಮುದುಕ ಬೇವಿನ ಸೊಪ್ಪು ಅರೆಸಿ ತರಿಸಿದ. ಮದುಮಗಳ ತಂದೆ ಅದನ್ನು ಅವನ ಬಾಯಿಗೆ ತುರುಕಿದ. ಅಡಿಗೆಯವನು ಅಗಿದು ನುಂಗಿದ. ಅವನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಹೊಡೆಯಲು ಎದ್ದವರು ಸುಮ್ಮನೆ ಕೂತರು. ಅವನೂ ತನ್ನ ಬಾಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ತನ್ನ ನಾಲಿಗೆಗೆ ರುಚಿಯೇ ಉಳಿದಿಲ್ಲವೆಂದು ಆಗಲೇ ಅವನಿಗೂ ತಿಳಿದದ್ದು. ಅವನು ಅಳತೊಡಗಿದ.

ಅವನನ್ನು ಯಾರೂ ಮುಟ್ಟಲಿಲ್ಲ. ಹೆಂಡತಿಯ ಗುಂಡಿಗೆ ಮಣ್ಣು ಹಾಕಲು ಬಿಡದೆ ಊರಿನಿಂದ ಆಚೆ ಕಳಿಸಿದರು.

ಗುರುಗಳು ನಿಲ್ಲಿಸಿದರು.

ಸಿದ್ಧಮಲ್ಲಯ್ಯ, “ಹಾಗಾದರೆ ಅವನು ಹಿರಿಯರಿಗೆ ಸುಳ್ಳು ಹೇಳಿರಲಿಲ್ಲ” ಎಂದ.

“ಇಲ್ಲ, ಅವನೂ ನಿನ್ನ ಹಾಗೆ ನಿಜವನ್ನೇ ಹೇಳಿದ.”