ಎರಡು ಗಳಿಗೆಯ ನೀರು

ಪೂಜ್ಯ ವಿರಜಾಮತಿ ಮಾತಾಜಿಯವರು ನಿಸಿದಿಗುಡ್ಡದ ಕ್ಷೇತ್ರಕ್ಕೆ ದಯಮಾಡಿಸಿದಾಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಕ್ಷೇತ್ರದ ಸಮಿತಿಯವರು ಗುಡ್ಡದ ಮೇಲೆ ತ್ಯಾಗಿಗಳಿಗಾಗಿ ಅಮೃತಶಿಲೆಯ ನಿವಾಸವೊಂದನ್ನು ಕಟ್ಟಿಸಿದ್ದರು. ತ್ಯಾಗದ ಮಹಿಮೆ ಮರೆಯದಿರಲೆಂದು ಅದರ ಗೋಡೆಗೆ ಹನ್ನೊಂದು ಮಂದಿ ಸದಸ್ಯರ ಹೆಸರುಗಳನ್ನು ಕೆತ್ತಿಸಿದ್ದರು. ಮಾತಾಜಿಯವರು ಅದನ್ನು ಹೊರಗಿನಿಂದಲೇ ನೋಡಿ, ಬಸದಿಯ ಹಿಂದೆ ಹರಿದ ಚಾಪೆಗಳನ್ನು ಇಡುತ್ತಿದ್ದ ಕೋಣೆಯನ್ನು ಆರಿಸಿಕೊಂಡರು. ಒಂದು ಹಲಗೆ, ನವಿಲುಗರಿಯ ಪಿಂಛಿ, ಒಂದು ಕಮಂಡಲು, ಮೈಮೇಲೆ ಒಂದು ಬಿಳಿ ಸೀರೆ. ಅವರು ಬಂದ ಮೇಲೂ ಚಾಪೆಗಳಿಗೆ ಜಾಗ ಸಾಲದಾಗಲಿಲ್ಲ.

ಗುಡ್ಡದ ಮೇಲೆ ನೀರಿನ ಸೆಲೆಯಿಲ್ಲ. ಯಾತ್ರಿಕರಿಗೆ ಪಂಪಿನ ನೀರು ನಳದಲ್ಲಿ ಬರುತ್ತದೆ. ತ್ಯಾಗಿಗಳ ಆಹಾರಕ್ಕೆ ಅದು ನಡೆಯುವುದಿಲ್ಲ. ಬುಡದ ಬಾವಿಯಲ್ಲಿ ಕೈಯಾರೆ ಸೇದಿ, ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ನೋವಾಗದಂತೆ ಅದೇ ಬಾವಿಗೆ ಬಿಡಬೇಕು. ಹಾಗೆ ಉಳಿದದ್ದನ್ನು ಜೀವಾನಿ ಎನ್ನುತ್ತಾರೆ. ಸೋಸಿದ ನೀರು ಎರಡು ಗಳಿಗೆ, ಎಂದರೆ ನಲವತ್ತೆಂಟು ನಿಮಿಷ ಮಾತ್ರ ಶುದ್ಧ. ಅದು ಮೀರಿದರೆ ಮತ್ತೆ ಸೋಸಬೇಕು. ಎರಡನೆಯ ಸಲದ ಜೀವಾನಿಯನ್ನೂ ಹುಟ್ಟಿದ ಬಾವಿಗೇ ಮುಟ್ಟಿಸಬೇಕು. ಕಾಣದ ಜೀವಕ್ಕೂ ತನ್ನ ಮನೆಗೆ ಮರಳುವ ಹಕ್ಕಿದೆ ಎಂದು ಹಿರಿಯರು ತಿಳಿದಿದ್ದರು. ಇದಕ್ಕಿಂತ ಕರುಣೆಯ ಮಾತನ್ನು ನಾನು ಕೇಳಿಲ್ಲ.

ಈ ನೀರನ್ನು ಐನೂರ ನಲವತ್ತು ಮೆಟ್ಟಿಲು ಹೊತ್ತು ತರುತ್ತಿದ್ದವರು ಬುಡದ ಊರಿನ ಬಾಳವ್ವನವರು. ಗಂಡನನ್ನು ಕಳೆದುಕೊಂಡ, ವ್ರತನಿಯಮಗಳನ್ನು ಬಿಡದ ಜೈನ ಶ್ರಾವಕಿ. ಮಡಿಯಲ್ಲಿ ಬರುವುದರಿಂದ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ಕೊಡವನ್ನು ನಡುವೆ ಇಳಿಸುವಂತಿರಲಿಲ್ಲ. ಹನ್ನೆರಡು ವರ್ಷ ಅರ್ಧ ಗಂಟೆಯಲ್ಲಿ ಹತ್ತಿ, ಬಸದಿಯ ನೆರಳಲ್ಲಿ ಬಿಸಿಲು ತಗ್ಗುವ ತನಕ ಕಾಲು ನೀವಿಕೊಂಡು, ಸಂಜೆ ಇಳಿದು ಹೋಗುತ್ತಿದ್ದರು. ಮಾತಾಜಿಯವರು ಬಂದ ವರ್ಷ ಬಾಳವ್ವನವರ ಮೊಣಕಾಲು ಬಾತುಕೊಂಡಿತು. ಅದೇ ವರ್ಷ ಸಮಿತಿಗೆ ನಾಭಿರಾಜ ಹುದ್ದಾರರು ಅಧ್ಯಕ್ಷರಾದರು.

ಹುದ್ದಾರರು ಶಿಸ್ತಿನ ಮನುಷ್ಯರು. ಕೈಗಡಿಯಾರ ನೋಡುತ್ತಾ ಕೊನೆಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ಬಾಳವ್ವನವರಿಗೆ ಈಗ ಒಂದು ಗಂಟೆ ಬೇಕಾಗುತ್ತಿತ್ತು. ಹೀಗಾಗಿ ನೀರನ್ನು ಮತ್ತೆ ಸೋಸುತ್ತಿದ್ದರು. ಅದು ಕಾದು ಆರಿ ಆಹಾರದ ಹೊತ್ತಾಗುವ ತನಕ ಸೋಸಿದ ಬಟ್ಟೆಯನ್ನು ತಂಬಿಗೆಯಲ್ಲಿ ಜಾಲಿಸುವ ಕೆಲಸ ನಡೆಯುತ್ತಿತ್ತು. ಬಾಳವ್ವನವರು ಮಡಿಯಲ್ಲಿ ನಿಂತೇ ಇರುತ್ತಿದ್ದರು. ಆಮೇಲೆ ಜೀವಾನಿಯ ತಂಬಿಗೆ ಅವರ ಕೈಗೆ ಬರುತ್ತಿತ್ತು. ಪಾಪ, ಆ ಜೀವಗಳು ಪರಸ್ಥಳದಲ್ಲಿ ಹೆಚ್ಚು ಹೊತ್ತು ಇರಬಾರದೆಂದು ಅವರು ಕೂಡದೆ ಕೂಡಲೇ ಇಳಿಯಬೇಕಾಗಿತ್ತು. ‘ನೀರು ಹೊರುವವರು ಮೆಟ್ಟಿಲ ಮೇಲೆ ಕೂಡಬಾರದು’ ಎಂಬ ಬೋರ್ಡೂ ಬಂತು. ಮೊಣಕಾಲು ಕೆಟ್ಟದ್ದರಿಂದ ತಡ. ತಡವಾದದ್ದರಿಂದ ಸುಡುಬಿಸಿಲಿನಲ್ಲಿ ಇಳಿತ. ಆ ಇಳಿತದಿಂದ ಮೊಣಕಾಲು ಇನ್ನಷ್ಟು ಕೆಡುವುದು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಎಲ್ಲರೂ ಅಹಿಂಸೆಯನ್ನೇ ಪಾಲಿಸುತ್ತಿದ್ದರು.

ಮಾತಾಜಿಯವರ ಮೊದಲ ದಿನದ ಆಹಾರಕ್ಕೆ ಸಮಿತಿಯವರೆಲ್ಲ ಸೇರಿದ್ದರು. ವಂದಾಮಿ ಹೇಳಿ ಬರಮಾಡಿಕೊಂಡರು. ಮನಸ್ಸು, ಮಾತು, ಮೈ, ಆಹಾರ, ನೀರು ಎಲ್ಲ ಶುದ್ಧವೆಂದು ಒಕ್ಕೊರಲಿನಿಂದ ಹೇಳಿದರು. ಮಾತಾಜಿಯವರು ಕುಳಿತು ಬೊಗಸೆಯೊಡ್ಡಿದರು. ಒಂದು ಗುಟುಕು ನೀರು ತೆಗೆದುಕೊಂಡರು. ಕೈ ಅಲ್ಲಿಯೇ ನಿಂತಿತು, ಬೊಗಸೆ ಬಿಚ್ಚಿತು.

“ಅಂತರಾಯ” ಎಂದು ಎದ್ದುಬಿಟ್ಟರು.

ಆಹಾರದ ನಡುವೆ ಅಡ್ಡಿ ಕಂಡರೆ ಮರುದಿನದ ತನಕ ಅನ್ನವೂ ಇಲ್ಲ, ನೀರೂ ಇಲ್ಲ. ಅಡ್ಡಿ ಏನೆಂದು ಸಮಿತಿ ಹುಡುಕಿತು. ಕೂದಲಿರಬೇಕೆಂದು ಎರಡನೆಯ ದಿನ ಅಡಿಗೆಯ ಹೆಣ್ಣುಮಕ್ಕಳ ತಲೆಗೆ ಎರಡೆರಡು ಬಟ್ಟೆ ಕಟ್ಟಿಸಿದರು. ಇರುವೆಯಿರಬೇಕೆಂದು ಮೂರನೆಯ ದಿನ ಕಣ್ಣಿಗೆ ಚಾಳೀಸು ಹಾಕಿಕೊಂಡ ನಾಲ್ವರು ಅಕ್ಕಿಯನ್ನು ಕಾಳು ಕಾಳಾಗಿ ಆರಿಸಿದರು. ಎರಡೂ ದಿನ ಅದೇ ಆಯಿತು. ಕೇಳಿ ಫಲವಿರಲಿಲ್ಲ. ಹೀಗೆ ಮಾಡಿರೆಂದು ಹೇಳಿ ಮಾಡಿಸಿಕೊಂಡ ಆಹಾರ ತ್ಯಾಗಿಗಳಿಗೆ ನಿಷಿದ್ಧವಾದ್ದರಿಂದ ಮಾತಾಜಿಯವರು ಕಾರಣ ಹೇಳುವಂತಿರಲಿಲ್ಲ. ಚೈತ್ರದ ಬಿಸಿಲು. ಮೂರನೆಯ ಸಂಜೆ ಅವರು ಏಳುವಾಗ ಗೋಡೆ ಹಿಡಿದುಕೊಂಡದ್ದನ್ನು ಎಲ್ಲರೂ ನೋಡಿದರು. ಇನ್ನೆರಡು ದಿನ ಹೀಗಾದರೆ ಆ ಜೀವ ಉಳಿಯುವಂತಿರಲಿಲ್ಲ.

ಆಗ ಹುದ್ದಾರರು ತಮ್ಮ ಶಾಲೆಯ ಗೆಳೆಯ ಸಾತಪ್ಪ ಮಗದುಮ್ಮ ಅವರನ್ನು ಕರೆಸಿದರು. ಸರಕಾರದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಹುಟ್ಟಿನಿಂದ ಜೈನರು, ಬಸದಿಯ ಹೊಸ್ತಿಲು ತುಳಿಯದೆ ಇಪ್ಪತ್ತು ವರ್ಷವಾಗಿತ್ತು. ಸೂಕ್ಷ್ಮದರ್ಶಕವನ್ನು ಚೀಲದಲ್ಲಿ ಹಾಕಿಕೊಂಡು, ಧರ್ಮವನ್ನು ಬೈಯುತ್ತಲೇ ಗುಡ್ಡ ಹತ್ತಿದರು.

“ಮಾತಾಜಿಯವರ ದಿವ್ಯದೃಷ್ಟಿಗೆ ನೀರಿನಾಗ ಏನೋ ಕಂಡೈತಿ, ಅದೇನಂತ ನೋಡಿ ಹೇಳು” ಎಂದರು ಹುದ್ದಾರರು.

“ದಿವ್ಯದೃಷ್ಟಿಗೆ ಕಂಡದ್ದು ನನ್ನ ಮಷೀನಿಗೂ ಕಂಡ್ರ, ನಾಳಿಂದ ಇದಕ್ಕ ಪೂಜಾ ಮಾಡ್ರಿ. ಇದು ಉಪವಾಸನೂ ಬೀಳೂದಿಲ್ಲ” ಎಂದರು ಸಾತಪ್ಪನವರು.

ಕಾಯಿಸಿದ ನೀರಿನಲ್ಲಿ ಏನೂ ಸಿಗಲಿಲ್ಲ. ಅವರ ಸಿಟ್ಟು ನೆತ್ತಿಗೇರಿತು. ನೇರವಾಗಿ ಚಾಪೆಯ ಕೋಣೆಗೆ ಹೋಗಿ, ಕೈ ಮುಗಿಯದೆ ನಿಂತು ಆಡಬೇಕಾದದ್ದನ್ನೆಲ್ಲ ಆಡಿದರು. ಕಾಣದ ಹುಳುವಿನ ಹೆಸರಿನಲ್ಲಿ ಕಾಣುವ ಮುದುಕಿಯೊಬ್ಬರು ಸಾಯುವುದು ಯಾವ ಅಹಿಂಸೆ ಎಂದು ಕೇಳಿದರು. ನೀರಿನಲ್ಲಿ ಒಂದು ಜೀವವೂ ಇಲ್ಲ, ಇನ್ನು ಏನನ್ನು ಸೋಸಬೇಕು ಎಂದೂ ಕೇಳಿದರು.

“ಸೋಸುವಾಗ ಒಂದು ಜೀವ ಲೆಕ್ಕಕ್ಕೆ ಬಂದಿಲ್ಲ” ಎಂದರು ಮಾತಾಜಿಯವರು. “ನಾಳೆ ಜೀವಾನಿಯ ಹಿಂದೆ ಬಾವಿಯ ತನಕ ನಡೆಯಿರಿ.”

ಮರುದಿನ ಸಾತಪ್ಪನವರು ಮೇಲೆಯೇ ಕಾದು ನಿಂತರು. ಬಾಳವ್ವನವರು ಬಂದರು. ಅರವತ್ತೆರಡು ನಿಮಿಷ ಎಂದು ಹುದ್ದಾರರು ಸಾರಿದರು. ಮತ್ತೆ ಸೋಸಿದರು. ತಂಬಿಗೆ ಕೊಟ್ಟರು. ಒಳಗೆ ಆಹಾರದ ಜಯಘೋಷ ಏಳುತ್ತಿದ್ದಂತೆ ಬಾಳವ್ವನವರು ಹೊರಟರು, ಸಾತಪ್ಪನವರು ಹಿಂದೆ ನಡೆದರು.

ಅಡ್ಡಡ್ಡವಾಗಿ, ಒಂದೊಂದೇ ಮೆಟ್ಟಿಲು, ತಂಬಿಗೆ ಅಲುಗದಂತೆ. ಮೆಟ್ಟಿಲಿಗೊಮ್ಮೆ “ಅರಹಂತಾ” ಎನ್ನುತ್ತಿದ್ದರು. ಮೇಲಿನಿಂದ ಇಪ್ಪತ್ತನೆಯ ಮೆಟ್ಟಿಲು ಒಡೆದು ಒಂದು ಮೊಳ ಕೆಳಗೆ ಕುಸಿದಿದೆ. ಅಲ್ಲಿ ಆ ಮಾತು ನಾಮಸ್ಮರಣೆಯಾಗಿ ಉಳಿಯಲಿಲ್ಲ, ಅಳುವಾಯಿತು.

ಕೂಡಿರೆಂದು ಸಾತಪ್ಪನವರು ಹೇಳಿದರು.

“ಕೂಡಬಾರದಂತ ಬೋರ್ಡ್ ಹಾಕ್ಯಾರ್ರಿ ಅಣ್ಣಾರ. ನನಗ ಓದಾಕ ಬರೂದಿಲ್ಲ, ಅದಕ್ಕ ದಿನಾ ಓದಿ ಹೇಳ್ತಾರ.”

ತಂಬಿಗೆಗೆ ಸಾತಪ್ಪನವರು ಕೈ ಚಾಚಿದರೆ ಬಾಳವ್ವನವರು ಹಿಂದೆ ಸರಿದರು. “ಮುಟ್ಟಬ್ಯಾಡ್ರಿ, ಮಡಿ ಐತಿ. ಇವು ಪುಣ್ಯ ಮಾಡ್ಯಾವ್ರಿ. ಹೊತ್ಗೊಂಡು ಇಳಸೂದಕ್ಕ ಇವಕ್ಕ ನಾ ಅದೇನಿ.” ಹಾಗೆಂದು ನಕ್ಕು, ಕೈ ಬಿಡುವಿಲ್ಲದ್ದರಿಂದ ಕಣ್ಣನ್ನು ಭುಜಕ್ಕೆ ಒರೆಸಿಕೊಂಡರು.

ಅಷ್ಟರಲ್ಲಿ ನೆತ್ತಿಯ ಮೇಲೆ ಪಾತ್ರೆಗಳ ಸದ್ದು ನಿಂತಿತು. ಸಾತಪ್ಪನವರು ತಲೆಯೆತ್ತಿದರು. ಆಹಾರದ ಮನೆಯ ಕಿಟಕಿ ಸರಿಯಾಗಿ ಆ ಮೆಟ್ಟಿಲ ಮೇಲೆಯೇ ಇತ್ತು. ಅದರೊಳಗಿಂದ ದಣಿದ ದನಿಯೊಂದು ಹೇಳಿತು: “ಅಂತರಾಯ.”

ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಪಟ್ಟಿ ಸಾತಪ್ಪನವರಿಗೆ ನೆನಪಾಯಿತು. ಕೂದಲು ಅಂತರಾಯ, ಸತ್ತ ಇರುವೆ ಅಂತರಾಯ; ಅಳುವ ದನಿ ಕಿವಿಗೆ ಬಿದ್ದರೂ ಅಂತರಾಯ. ಸಮಿತಿಯ ಹನ್ನೊಂದು ಮಂದಿಗೂ ಆ ಪಟ್ಟಿ ಬರುತ್ತಿತ್ತು. ತಟ್ಟೆಯಲ್ಲಿ ಬೀಳುವುದನ್ನೆಲ್ಲ ಅವರು ಹುಡುಕಿದ್ದರು. ಇದು ತಟ್ಟೆಯಲ್ಲಿ ಬೀಳುವಂಥದಲ್ಲ. ಅಲ್ಲದೆ ದಿನವೂ ಇರುವಂಥದು. ಜೊತೆಗೆ ಅವರ ಜಯಘೋಷವೂ ಬಲು ಜೋರಾಗಿತ್ತು.

ಮಾತಾಜಿಯವರ ಮಾತಿನಂತೆ ಸಾತಪ್ಪನವರು ಬಾವಿಯ ತನಕ ಹೋದರು. ಬಾಳವ್ವನವರು ತಂಬಿಗೆಯನ್ನು ಹಗ್ಗದಲ್ಲಿ ಇಳಿಬಿಟ್ಟು, ನೀರಿಗೆ ತಾಗಿದ ಮೇಲೆ ಮೆಲ್ಲನೆ ಬಾಗಿಸಿ, “ಹೋಗ್ರವ್ವಾ, ಮನಿ ಬಂತು” ಎಂದು ಬಾವಿಯೊಳಕ್ಕೆ ಹೇಳಿದರು.

ಐದನೆಯ ದಿನ ಬೆಳಿಗ್ಗೆ ಸಾತಪ್ಪನವರು ಬಾವಿಯ ಕಟ್ಟೆಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು, ಬಾಳವ್ವನವರು ಹೇಳಿಕೊಟ್ಟಂತೆ ಸೇದಿ, ಸೋಸಿ, ಕೊಡ ಹೊತ್ತರು. ಮೇಲೆ ಮುಟ್ಟಿದಾಗ ಒಂದು ಗಂಟೆ ಹತ್ತು ನಿಮಿಷ. ಹುದ್ದಾರರಿಗೆ ಗೆಳೆಯನ ಮುಖ ನೋಡುವುದೋ ಗಡಿಯಾರ ನೋಡುವುದೋ ತಿಳಿಯಲಿಲ್ಲ, ಗಡಿಯಾರ ನೋಡಿದರು. ಮತ್ತೆ ಸೋಸಿದರು. ಸಾತಪ್ಪನವರು ತಂಬಿಗೆ ಹಿಡಿದು ಇಳಿಯತೊಡಗಿದರು. ಆಹಾರಕ್ಕೆ ಬರುತ್ತಿದ್ದ ಮಾತಾಜಿಯವರು ಅಧ್ಯಕ್ಷರೆದುರು ನಿಂತರು.

“ಗಡಿಯಾರ ಹಿಡಿದ ಕೈ ಕೊಡವನ್ನೂ ಹಿಡಿಯಬಹುದು” ಎಂದು ಒಳಗೆ ನಡೆದರು.

ಇಪ್ಪತ್ತನೆಯ ಮೆಟ್ಟಿಲಿಗೆ ಬಂದಾಗ ಸಾತಪ್ಪನವರೂ ಅಡ್ಡಡ್ಡವಾಗಿಯೇ ಕಾಲಿಡುತ್ತಿದ್ದರು. ಕಿಟಕಿಯಲ್ಲಿ ನೀರು ಬೊಗಸೆಗೆ ಬೀಳುವ ಸದ್ದು ಕೇಳಿತು. ನಿಂತೀತೆಂದು ಉಸಿರು ಬಿಗಿಹಿಡಿದರು. ನಿಲ್ಲಲಿಲ್ಲ. ಸೌಟಿನ ಸದ್ದು, ಮತ್ತೆ ನೀರಿನ ಸದ್ದು. ಐದು ದಿನದಲ್ಲಿ ಮೊದಲ ಸಲ ಆ ತಾಯಿ ಉಣ್ಣುತ್ತಿದ್ದರು. ಸಾತಪ್ಪನವರಿಗೆ ಎಲ್ಲಿಲ್ಲದ ಅಳು ನುಗ್ಗಿ ಬಂತು. ಬಿಕ್ಕಿದರೆ ಮೇಲೆ ಕೇಳಿಸುತ್ತದೆ, ಕೇಳಿಸಿದರೆ ಆ ಬೊಗಸೆ ಮತ್ತೆ ಬಿಚ್ಚುತ್ತದೆ. ಹೆಗಲ ಮೇಲಿನ ವಸ್ತ್ರದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಆಹಾರ ಮುಗಿಯುವ ತನಕ ಆ ಒಡೆದ ಮೆಟ್ಟಿಲ ಮೇಲೆ ಸದ್ದಿಲ್ಲದೆ ಅತ್ತರು.

ಮರುದಿನ ಕೊಡ ಹೊತ್ತವರು ಹುದ್ದಾರರು. ದಾರಿಯಲ್ಲಿ ಏಳು ಕಡೆ ಕುಳಿತರೆಂದು ನೋಡಿದವರು ಹೇಳುತ್ತಾರೆ. ಕೂಡಬಾರದೆಂಬ ಬೋರ್ಡನ್ನು ಸಮಿತಿ ಅದೇ ಸಂಜೆ ಸರ್ವಾನುಮತದಿಂದ ತೆಗೆದುಹಾಕಿತು. ಅಂದಿನಿಂದ ಕ್ಷೇತ್ರದಲ್ಲಿ ನೀರು ಹೊರುವ ಸರದಿ ಸಮಿತಿಯವರದು. ಬಾಳವ್ವನವರು ಬಾವಿಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಸೋಸುವುದು ಹೇಗೆಂದು ಅವರಿಗೆ ಹೇಳಿಕೊಡುತ್ತಾರೆ, ತಪ್ಪಿದರೆ ಬೈಯುತ್ತಾರೆ.

ಜೀವಾನಿ ಇಳಿಸುವ ಕೆಲಸವನ್ನು ಸಾತಪ್ಪನವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಇಂಥ ಜೀವಿಗಳನ್ನು ಕೊಲ್ಲಲು ಎಷ್ಟು ಬ್ಲೀಚಿಂಗ್ ಪೌಡರ್ ಬೇಕೆಂದು ಮೂವತ್ತೊಂದು ವರ್ಷ ಸರಕಾರಕ್ಕೆ ಬರೆದುಕೊಟ್ಟ ಮನುಷ್ಯ ಈಗ ದಿನವೂ ತಂಬಿಗೆಯನ್ನು ನೀರಿನ ಮೇಲೆ ಮೆಲ್ಲನೆ ಬಾಗಿಸಿ, ಸುತ್ತಲೂ ಯಾರೂ ಇಲ್ಲವೆಂದು ನೋಡಿಕೊಂಡು, ಹೇಳುತ್ತಾರೆ: “ಹೋಗ್ರವ್ವಾ, ಮನಿ ಬಂತು.”