ಇಲಿ ಕಡಿದ ಎರಡು ವೈರುಗಳು

ಒಂದು ಮನೆಯ ಮೇನ್ ಬೋರ್ಡಿನಿಂದ ಎರಡು ವೈರುಗಳು ಹೊರಟಿದ್ದವು. ನೇರವೈರು ಮಹಡಿಯ ಪ್ಲಗ್ಗುಗಳಿಗೆ ಕರೆಂಟು ಕೊಡುತ್ತಾ ಹೋಗಿ ಕೊನೆಯದರಲ್ಲಿ ನಿಲ್ಲುತ್ತಿತ್ತು. ಸುತ್ತುವೈರು ಕೆಳಗಿನ ಪ್ಲಗ್ಗುಗಳನ್ನೆಲ್ಲ ಸುತ್ತಿ ಮತ್ತೆ ಬೋರ್ಡಿಗೇ ಬಂದು ಸೇರುತ್ತಿತ್ತು. ಎರಡು ಕಡೆಯಿಂದಲೂ ಕರೆಂಟು ಹರಿಯುವುದರಿಂದ ತನಗೆ ಎರಡು ಕೈ ಎಂದು ಅದಕ್ಕೆ ಹೆಮ್ಮೆ.

ಇಲಿಯೊಂದು ಬಂದು ನೇರವೈರನ್ನೂ ಸುತ್ತುವೈರಿನ ಒಂದು ತುದಿಯನ್ನೂ ಬೋರ್ಡಿನ ಬಳಿಯೇ ಕಡಿದು ತುಂಡು ಮಾಡಿತು. ಮಹಡಿಯ ಪ್ಲಗ್ಗುಗಳೆಲ್ಲ ಸತ್ತವು. ಮನೆಯೊಡತಿ ಪ್ರಫುಲ್ಲಮ್ಮ ಗೊಣಗಿಕೊಂಡೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ನೇರವೈರನ್ನು ಸರಿ ಮಾಡಿಸಿದರು. ಕೆಳಗೆ ಮಾತ್ರ ಏನೂ ನಿಲ್ಲಲಿಲ್ಲ.

“ಒಂದು ಕಡಿತಕ್ಕೆ ಮನೆಯೆಲ್ಲ ಎಬ್ಬಿಸಿದೆಯಲ್ಲ, ನಾಚಿಕೆಯಾಗಲಿಲ್ಲವೇ?” ಎಂದಿತು ಸುತ್ತುವೈರು. “ನನ್ನನ್ನು ನೋಡು. ಒಂದು ಕೈ ಹೋದರೂ ಇನ್ನೊಂದರಲ್ಲೇ ಎಲ್ಲ ನಡೆಸುತ್ತಿದ್ದೇನೆ.”

“ನನ್ನ ಗಾಯ ವಾಸಿಯಾಯಿತು. ನಿನ್ನದು?” ಎಂದಿತು ನೇರವೈರು.

“ಯಾರಿಗೂ ಗೊತ್ತೇ ಆಗಿಲ್ಲ. ಮತ್ತೇನು ಚಿಂತೆ?”

ಪ್ರಫುಲ್ಲಮ್ಮನ ಮೊಮ್ಮಗಳ ನಾಮಕರಣದ ದಿನ ಮನೆ ತುಂಬ ನೆಂಟರು. ಕೆಳಗೆ ಗ್ರೈಂಡರು, ಓವನ್ನು, ಕರೆಂಟು ಒಲೆ, ಇಸ್ತ್ರಿ ಪೆಟ್ಟಿಗೆ ಎಲ್ಲವೂ ಒಟ್ಟಿಗೇ ಓಡಿದವು. ಸುತ್ತುವೈರಿನ ಉಳಿದ ಒಂದೇ ಕೈ ಕಾದು ಕಾದು, ಮೇಲಿನ ಪ್ಲಾಸ್ಟಿಕ್ಕು ಕರಗತೊಡಗಿತು.

“ಫ್ಯೂಸಣ್ಣಾ, ಸುಟ್ಟುಹೋಗುತ್ತಿದ್ದೇನೆ, ಕರೆಂಟು ನಿಲ್ಲಿಸು!” ಎಂದು ಅದು ಬೋರ್ಡಿನ ಕಡೆ ಕೂಗಿತು.

ಫ್ಯೂಸನ್ನು ಎರಡು ಕೈಯ ಅಳತೆಗೆ ಕೂರಿಸಿದ್ದರು. ಅದಕ್ಕೆ ಇನ್ನೂ ಬಿಸಿಯೇ ತಾಗಿರಲಿಲ್ಲ.

“ತಮಾಷೆ ಸಾಕು,” ಎಂದಿತು ಅದು. “ಎರಡು ಕೈ ಇರುವ ನಿನಗೆ ಇದೂ ಒಂದು ಭಾರವೇ?”